ಹಾಡಿದವರು: ಸುಕನ್ಯ

ಕಂತು ಒಂಬತ್ತು

"ಇನ್ನೊಂದು ಸಲ ಹಾಕಿ," ಅಂದರು ಗುರುದೇವಿ.

ಮುನಾವರ್ ಟೇಪನ್ನು ಹಿಂದಕ್ಕೆ ಸುತ್ತಿದ. ಬೆಳಗಿನಿಂದ ಇದು ಹನ್ನೊಂದನೆಯ ಸಲ. ಇಂದಿರಾನಗರದ ಆ ಸ್ಟುಡಿಯೋದಲ್ಲಿ ಹದಿನೇಳು ವರ್ಷದಿಂದ ರೆಕಾರ್ಡಿಸ್ಟ್ ಆಗಿದ್ದವನಿಗೆ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುವುದು ಹೊಸದಲ್ಲ. ಆದರೂ ಅವನ ಕಣ್ಣು ಬಾಡಿತ್ತು.

ದೊಡ್ಡನೆಕ್ಕುಂದಿಯ ದೊಡ್ಡಮುನಿಯಪ್ಪನವರ ಮಗಳು, 'ಊರಮ್ಮನ ಪದಗಳು' ಕ್ಯಾಸೆಟ್ಟಿನ ಗಾಯಕಿ ಸುಕನ್ಯ, ಮನೆ ಬಿಟ್ಟು ಕಾಣೆಯಾಗಿ ಅಂದಿಗೆ ನಲವತ್ತೊಂದು ದಿನ.

"ವಾದ್ಯ ಎಲ್ಲ ಮುಚ್ಚಿಬಿಡಿ. ಬರೀ ಗಂಟಲು ಸಾಕು."

ಮುನಾವರ್ ಒಂದೊಂದೇ ಗುಂಡಿಯನ್ನು ಕೆಳಗೆಳೆದ. ತಮಟೆ ಹೋಯಿತು, ಕೊಳಲು ಹೋಯಿತು. ಉಳಿದದ್ದು ಒಂದು ಹೆಣ್ಣು ದನಿ. ತುಸು ಒರಟು, ತಗ್ಗಿನಲ್ಲಿ ಮರಳಿನ ಮೇಲೆ ನಡೆದಂತೆ. ಸಾಲು ಮುಗಿಯುವಲ್ಲಿ ಸ್ವರವನ್ನು ಬಿಡುವ ಮುನ್ನ ಒಂದು ಕ್ಷಣ ಹಿಡಿದು ನಿಲ್ಲಿಸುವ ದನಿ.

ಗುರುದೇವಿಗೆ ಸುಕನ್ಯಳ ಮುಖ ಸರಿಯಾಗಿ ಗೊತ್ತಿರಲಿಲ್ಲ. ಮನೆಯವರು ಕೊಟ್ಟಿದ್ದು ಯಾರದೋ ಮದುವೆಯಲ್ಲಿ ತೆಗೆದ ಒಂದೇ ಫೋಟೋ, ಅದೂ ಪಕ್ಕಕ್ಕೆ ತಿರುಗಿದ್ದು. ಆದರೆ ಈ ದನಿಯನ್ನು ಅವರು ನಲವತ್ತೊಂದು ದಿನ ಕೇಳಿದ್ದರು. ಬೆನ್ಸನ್ ಟೌನ್‌ನ ತಮ್ಮ ಒಂದು ಕೋಣೆಯ ಪತ್ತೇದಾರಿ ಕಚೇರಿಯಲ್ಲಿ, ಅಡುಗೆ ಮಾಡುವಾಗ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವಾಗ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ಹೊರಬಂದವರಿಗೆ ಕಾಣೆಯಾದವರು ಹೊಸಬರಲ್ಲ. ಆದರೆ ಕಾಣೆಯಾದವಳು ದಿನವೂ ಕಿವಿಯಲ್ಲಿ ಹಾಡುವುದು ಇದೇ ಮೊದಲು.

ಮೂರನೆಯ ಚರಣ ಮುಗಿಯಿತು. ಹಾಡುವವಳು ಉಸಿರು ತೆಗೆದುಕೊಂಡಳು. ಆ ಉಸಿರಿನ ಹಿಂದೆ, ತೀರಾ ಸಣ್ಣಗೆ, ಒಂದು ಎಳೆ ಮೇಲೇರಿತು.

"ಅಲ್ಲಿ. ಅದೇನು?"

ಹತ್ತು ಸಲವೂ ಅದು ಮಷೀನಿನ ಸದ್ದು ಅಂದಿದ್ದ ಮುನಾವರ್, ಈ ಸಲ ದನಿಯನ್ನು ಪೂರ್ತಿ ಏರಿಸಿ ಮುಂದಕ್ಕೆ ಬಾಗಿ ಕೇಳಿದ. ಆಮೇಲೆ ಟೇಪು ನಿಲ್ಲಿಸಿದ.

"ಮಷೀನ್ ಅಲ್ಲ ಮೇಡಂ. ಸೈರನ್."

ಈ ಕೋಣೆಗೆ ಹೊರಗಿನ ಸದ್ದು ಬರುವುದಿಲ್ಲವೆಂದು ಅವನು ವಿವರಿಸಿದ. ಗೋಡೆಗೆ ಒಂದು ಗೇಣು ದಪ್ಪದ ಹೊದಿಕೆ ಇದೆ, ಬಾಗಿಲು ಎರಡು ಪದರದ್ದು. ವಾದ್ಯಗಳ ಟೇಪಿನಲ್ಲಿ ಆ ಸದ್ದು ಎಲ್ಲೂ ಇಲ್ಲ. ದನಿಯ ಟೇಪಿನಲ್ಲಿ ಮಾತ್ರ ಇದೆ. ಅಂದರೆ ದನಿ ರೆಕಾರ್ಡ್ ಆದದ್ದು ಇಲ್ಲಲ್ಲ.

ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ಮುನಾವರ್‌ಗೆ ಅದು ಯಾವ ಸೈರನ್ ಎಂದು ಗೊತ್ತಾಗಲಿಲ್ಲ. ಗುರುದೇವಿಗೆ ಗೊತ್ತಾಯಿತು. ಬೆಂಗಳೂರಿನ ಪೂರ್ವದ ಠಾಣೆಯೊಂದರಲ್ಲಿದ್ದ ಮೂರು ವರ್ಷ ಅವರು ಗಡಿಯಾರ ಸರಿಮಾಡಿಕೊಂಡದ್ದು ಅದರಿಂದಲೇ. ವಿಮಾನ ಕಾರ್ಖಾನೆಯ ಸೈರನ್. ವಿಮಾನಪುರದ ಮನೆಗಳಲ್ಲಿ ಅದು ಅಡುಗೆಮನೆಯೊಳಗೂ ಕೇಳುತ್ತದೆ.

"ದನಿ ಎಲ್ಲಿ ರೆಕಾರ್ಡ್ ಮಾಡಿದ್ರಿ ಹಾಗಾದ್ರೆ?"

ಮುನಾವರ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ವಾದ್ಯ ಇಲ್ಲಿ ನುಡಿಸಿದ್ದು. ದನಿಯನ್ನು ಮಾತ್ರ ಸಿದ್ಧಲಿಂಗೇಶ್ ಸಾರ್ ಬೇರೆ ಟೇಪಿನಲ್ಲಿ ತಂದುಕೊಟ್ಟಿದ್ದರು, ಎಂಟು ಹಾಡಿನದೂ. ಹುಡುಗಿಗೆ ನಾಚಿಕೆ, ಜನರ ಮುಂದೆ ಗಂಟಲು ಏಳುವುದಿಲ್ಲ ಎಂದಿದ್ದರು. ಸುಕನ್ಯ ಸ್ಟುಡಿಯೋಗೆ ಬರುತ್ತಿದ್ದಳು, ಸೋಫಾದ ತುದಿಯಲ್ಲಿ ಕೂತು ಟೀ ಕುಡಿದು ಹೋಗುತ್ತಿದ್ದಳು. ಅವಳು ಒಂದು ಸಾಲು ಹಾಡಿದ್ದನ್ನೂ ಅವನು ಕಂಡಿರಲಿಲ್ಲ.

ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಗುರುದೇವಿ ಕೇಳಿದರು.

"ಅವರು ಕೇಳ್ಲಿಲ್ಲ. ದನಿ ಎಲ್ಲಿಂದ ಬಂತು ಅಂತ ನಾನೂ ಕೇಳಕ್ಕಾಗಲ್ಲ ಮೇಡಂ. ಅದು ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಕೆಲಸ."

ಆ ಹುದ್ದೆಯ ಹೆಸರು ಕೇಳಿ ಕೇಳಿ ಗುರುದೇವಿಗೆ ಸುಸ್ತಾಗಿತ್ತು. ಕ್ಯಾಸೆಟ್ಟಿನ ಕವರಿನ ಮೇಲೆ ದೇವಿಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಹಾಡಿದವರು: ಸುಕನ್ಯ'. ತೀರಾ ತಳದಲ್ಲಿ, ಇರುವೆ ಸಾಲಿನಂತೆ, 'ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್: ಸಿದ್ಧಲಿಂಗೇಶ'. ಹಾಗೆಂದರೇನು ಅಂತ ಅವರು ಕ್ಯಾಸೆಟ್ ಕಂಪನಿಯ ಮಾಲೀಕರನ್ನು ಕೇಳಿದ್ದರು. ಕೆಲಸ ಮುಗಿಸಿಕೊಡೋರು ಅಂದಿದ್ದರು ಮಾಲೀಕರು. ಪದ್ಯ ತಿದ್ದಿಕೊಟ್ಟ ಮೇಷ್ಟ್ರು, ಒಳ್ಳೆ ಚರಣ ಕತ್ತರಿಸೋ ಮನುಷ್ಯ ಅಂದಿದ್ದರು. ತಮಟೆಯವನು ಮಾತ್ರ ಸ್ವಲ್ಪ ಯೋಚಿಸಿ, ನಮಗೆಲ್ಲ ಊಟ ಆಯ್ತಾ ಅಂತ ಕೇಳೋದು ಅವರೊಬ್ಬರೇ ಅಂದಿದ್ದ.

ಹನ್ನೊಂದಕ್ಕೆ ಸಿದ್ಧಲಿಂಗೇಶ ಬಂದರು.

ಐವತ್ತೊಂದು ವರ್ಷದ, ಸಣಕಲು ಮೈಯ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೋಡಿದರೆ ಪರೀಕ್ಷೆ ನಡೆಸಲು ಬಂದ ಮೇಷ್ಟ್ರಂತೆ. ಗದಗದ ಕಡೆಯಿಂದ ಬಂದು ಇಪ್ಪತ್ತೈದು ವರ್ಷವಾಗಿ ಮಾತೆಲ್ಲ ಇಲ್ಲಿಯದೇ ಆಗಿತ್ತು. ಮುನಾವರ್‌ನ ಹೆಗಲು ತಟ್ಟಿ, ತಿಂಡಿ ಆಯ್ತಾ ಅಂತ ಕೇಳಿ, ಗುರುದೇವಿಯ ಎದುರು ಕೂತರು.

"ಇವತ್ತು ಒಂದೇ ಪ್ರಶ್ನೆ," ಅಂದರು ಗುರುದೇವಿ.

"ಹೋದ ಸಲವೂ ಹಾಗೇ ಅಂದಿದ್ರಿ."

ಮುನಾವರ್ ಟೇಪು ಹಾಕಿ ಹೊರಗೆ ಹೋದ. ಸಿದ್ಧಲಿಂಗೇಶ ಕಣ್ಣು ಮುಚ್ಚಿ ಕೇಳಿದರು. ಅವರ ಬಲಗೈ ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಮೂರನೆಯ ಚರಣ ಮುಗಿದು ಆ ಸಣ್ಣ ಎಳೆ ಮೇಲೇರಿದಾಗ ಅವರು ಕಣ್ಣು ತೆರೆಯಲಿಲ್ಲ. ಆದರೆ ಕೈ ತಾಳ ಬಿಟ್ಟಿತು.

"ನಿಮ್ಮ ಮನೆ ವಿಮಾನಪುರದಲ್ಲಿ."

"ಹೌದು."

"ಈ ಹಾಡು ಅಲ್ಲಿ ರೆಕಾರ್ಡ್ ಆಗಿದೆ."

"ಎಂಟೂ ಅಲ್ಲೇ ಆಗಿದ್ದು."

ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ಗುರುದೇವಿ ಎಣಿಸಿರಲಿಲ್ಲ. ಸಿದ್ಧಲಿಂಗೇಶ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತ, ಬೇಸರದ ಲೆಕ್ಕ ಒಪ್ಪಿಸುವವರಂತೆ ಹೇಳುತ್ತ ಹೋದರು. ದೊಡ್ಡಮುನಿಯಪ್ಪನವರಿಗೆ ತಮ್ಮ ತಾಯಿ ಹೊಲದಲ್ಲಿ ಹಾಡುತ್ತಿದ್ದ ಪದಗಳು ಮಗಳ ದನಿಯಲ್ಲಿ ಕ್ಯಾಸೆಟ್ಟಾಗಬೇಕು ಎಂಬ ಹಟ. ಹೊಲ ಹೋಗಿ ಸಾಫ್ಟ್‌ವೇರ್ ಕ್ಯಾಂಪಸ್ ಕಟ್ಟಡ ಬಂತು, ಪದವಾದರೂ ಉಳಿಯಲಿ ಎಂದು ಅವರು ಕಣ್ಣೀರು ಹಾಕಿದ್ದರು. ಕ್ಯಾಸೆಟ್ ಕಂಪನಿಯವರು ಒಪ್ಪಿದರು. ಹುಡುಗಿಯನ್ನು ನೋಡಿದ ಮೊದಲ ದಿನವೇ ತಮಗೆ ತಿಳಿಯಿತು, ನಾಲ್ಕು ಜನರಿದ್ದರೆ ಇವಳ ಬಾಯಿಂದ ಸ್ವರ ಹೊರಡುವುದಿಲ್ಲ ಎಂದು. ಗಾಜಿನ ಹಿಂದೆ ನಿಲ್ಲಿಸಿ ಅಳಿಸುವುದಕ್ಕಿಂತ, ಮನೆಯ ಒಳಕೋಣೆಯ ಗೋಡೆಗೆ ರಜಾಯಿ ಕಟ್ಟಿ ಅಲ್ಲೇ ಹಾಡಿಸಿದ್ದು. ಇದರಲ್ಲಿ ತಪ್ಪೇನು?

"ತಪ್ಪಿಲ್ಲ. ನನಗೆ ಹೇಳ್ದೇ ಇದ್ದಿದ್ದು ಯಾಕೆ?"

"ನೀವು ಹುಡುಗಿ ಎಲ್ಲಿ ಅಂತ ಕೇಳಿದ್ರಿ. ಹಾಡು ಎಲ್ಲಾಯ್ತು ಅಂತ ಕೇಳ್ಲಿಲ್ಲ."

ಗುರುದೇವಿ ಕುರ್ಚಿಯಲ್ಲಿ ಕಾಲು ಚಾಚಿಕೊಂಡರು. ಮಂಡಿ ಸಿಡಿಯುತ್ತಿತ್ತು. "ನಿಮ್ಮ ಕೆಲಸ ಏನು ಅಂತ ನೀವೇ ಹೇಳಿ. ಬೇರೆ ಯಾರು ಹೇಳಿದ್ರೂ ನಂಗೆ ಅರ್ಥ ಆಗ್ತಿಲ್ಲ."

ಸಿದ್ಧಲಿಂಗೇಶ ನಗಲಿಲ್ಲ. ಹಾಗೆ ಯಾರೂ ತಮ್ಮನ್ನು ಕೇಳಿಯೇ ಇಲ್ಲವೇನೋ ಎಂಬಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಯಾರು ಹಾಡ್ಬೇಕು, ಯಾವ ಚರಣ ಉಳೀಬೇಕು, ಯಾವ ಟೇಕ್ ಓಕೆ, ಎಲ್ಲ ನಾನು ಹೇಳ್ಬೇಕು. ನುಡಿಸೋರಿಗೆ ನೋವಾಗ್ಬಾರ್ದು, ಮಾಲೀಕರಿಗೆ ತಡ ಆಗ್ಬಾರ್ದು. ಕೊನೇಲಿ ಮಾಸ್ಟರ್ ಟೇಪಿನ ಮೇಲೆ ಸಹಿ ನಂದು. ಕ್ಯಾಸೆಟ್ ಗೆದ್ರೆ ಹಾಡಿದವರದ್ದು, ಬಿದ್ರೆ ನಂದು. ಇನ್ನೂರಕ್ಕೂ ಹೆಚ್ಚು ಮಾಡಿದೀನಿ. ಒಂದನ್ನೂ ಮನೇಲಿ ಹಾಕಿ ಕೇಳಿಲ್ಲ. ಅಷ್ಟು ಸಾಕಾಗಿದೆ ಮೇಡಂ."

"ಇದನ್ನೂ ಕೇಳಿಲ್ವಾ?"

ಅವರು ಒರೆಸಿದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ಗುರುದೇವಿ ತಮ್ಮ ಪುಸ್ತಕ ಮುಚ್ಚಿ ಕೈಚೀಲಕ್ಕೆ ಹಾಕಿದರು. ಪುಸ್ತಕ ತೆರೆದಿದ್ದರೆ ಜನ ಬಾಯಿ ಬಿಡುವುದಿಲ್ಲವೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಆಗಸ್ಟ್ ಹದಿನಾಲ್ಕರಂದು ಸುಕನ್ಯ ವಿಮಾನಪುರದ ಮನೆಗೆ ಬಂದಿದ್ದಳೇ ಎಂದು ಮೆಲ್ಲಗೆ ಕೇಳಿದರು.

ಗಾಜಿನಾಚೆ ಮುನಾವರ್ ತಂತಿ ಸುತ್ತುತ್ತಿದ್ದ. ಸಿದ್ಧಲಿಂಗೇಶ ಅವನನ್ನೇ ನೋಡುತ್ತಿದ್ದರು.

"ಬಂದಿದ್ಲು. ಗೇಟಿನ ಹತ್ರ ಅರ್ಧ ಗಂಟೆ ನಿಂತಿದ್ಲು."

ಯಾತಕ್ಕೆಂದರೆ, ಎರಡು ದಿನ ಬಿಟ್ಟು ಕೃಷ್ಣರಾಜಪುರದ ಮೈದಾನದಲ್ಲಿ ಅವಳ ಹಾಡಿನ ಕಾರ್ಯಕ್ರಮ ಇಟ್ಟಿದ್ದರು. ಜುಲೈಯಲ್ಲಿ ಬಂದ ಕ್ಯಾಸೆಟ್ಟು ಪೂರ್ವದ ಹಳ್ಳಿಹಳ್ಳಿಯ ಹೋಟೆಲಿನಲ್ಲೂ ಟೆಂಪೋದಲ್ಲೂ ಕೇಳುತ್ತಿತ್ತು. ಹಾಡಿದವಳನ್ನು ಕಣ್ಣಾರೆ ನೋಡಬೇಕೆಂದು ಜನ ಕಾದಿದ್ದರು. ತನ್ನಿಂದ ಆಗುವುದಿಲ್ಲ, ನಿಲ್ಲಿಸಿ ಎಂದು ಸುಕನ್ಯ ಬೇಡಿಕೊಂಡಳಂತೆ. ಅದು ತಮ್ಮ ಕೈಯಲ್ಲಿಲ್ಲ ಎಂದು ಸಿದ್ಧಲಿಂಗೇಶ ಹೇಳಿದರಂತೆ. ಅವಳು ಬಸ್ ನಿಲ್ದಾಣದ ಕಡೆ ನಡೆದು ಹೋದಳಂತೆ.

"ನಲವತ್ತೊಂದು ದಿನ ಇದನ್ನ ಬಚ್ಚಿಟ್ರಿ."

"ಕೊನೆಗೆ ನೋಡಿದವನು ನಾನೇ ಅಂತಾಗುತ್ತೆ ಅಂತ ಹೆದರಿದೆ."

ಈ ಮಾತನ್ನು ಗುರುದೇವಿ ಇಪ್ಪತ್ತೆರಡು ವರ್ಷದಲ್ಲಿ ಬಹಳ ಜನರ ಬಾಯಿಂದ ಕೇಳಿದ್ದರು. ಹೇಳಿದವರಲ್ಲಿ ಹೆಚ್ಚಿನವರು ನಿಜವನ್ನೇ ಹೇಳಿದ್ದರು. ಎಲ್ಲರೂ ಅಲ್ಲ.

ಆ ಒಳಕೋಣೆಯನ್ನು ತಾವು ನೋಡಬೇಕು, ಈಗಲೇ ಹೋಗೋಣ ಎಂದರು. ಮನೆ ಚೊಕ್ಕಟವಿಲ್ಲ, ನಾಳೆ ಬನ್ನಿ ಎಂದರು ಸಿದ್ಧಲಿಂಗೇಶ. ನಾಳೆ ಬೇಡ ಎಂದು ಗುರುದೇವಿ ಏಳುವಷ್ಟರಲ್ಲಿ ಹೊರಗೆ ಫೋನ್ ರಿಂಗಾಯಿತು. ಮುನಾವರ್ ಬಾಗಿಲು ತೆರೆದು, ನಿಮಗೇ ಮೇಡಂ ಎಂದ.

ದೊಡ್ಡಮುನಿಯಪ್ಪನವರು. ಮೊದಲು ಬರೀ ಅಳು ಕೇಳಿಸಿತು. ಇಂಥ ಫೋನುಗಳು ಹೇಗೆ ಮುಗಿಯುತ್ತವೆಂದು ಗುರುದೇವಿಗೆ ಗೊತ್ತಿತ್ತು.

"ಮಗಳು ಬಂದ್ಬಿಟ್ಲು ಮೇಡಂ. ಈಗ ತಾನೇ, ಅವಳೇ ನಡ್ಕೊಂಡು ಬಂದ್ಲು. ಏನು ಕೇಳಿದ್ರೂ ಬಾಯಿ ಬಿಡ್ತಿಲ್ಲ. ನೀವು ಹುಡುಕ್ತಿದೀರಿ ಅಂದಿದ್ದಕ್ಕೆ, ಅವರನ್ನ ಕರೆಸಿ ಅಂತಾಳೆ."

ಫೋನ್ ಇಟ್ಟು ಗುರುದೇವಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಸಂತೋಷ ಆಗಬೇಕಿತ್ತು. ಆಸ್ಪತ್ರೆಗಳ ಶವಾಗಾರಗಳಲ್ಲಿ, ಮೆಜೆಸ್ಟಿಕ್ಕಿನ ಲಾಡ್ಜುಗಳಲ್ಲಿ ಅಲೆದ ದಿನಗಳ ಆಯಾಸವೆಲ್ಲ ಒಟ್ಟಿಗೆ ಕಾಲಿಗೆ ಇಳಿಯಿತು, ಅಷ್ಟೇ.

ಸಿದ್ಧಲಿಂಗೇಶರಿಗೆ ವಿಷಯ ಹೇಳಿದರು. ಸಂಶಯದ ಪಟ್ಟಿಯಲ್ಲಿ ಮೊದಲನೆಯ ಹೆಸರು ಅವರದು. ಕೇಳಿ ಹಗುರಾಗಬೇಕಿದ್ದ ಮನುಷ್ಯನ ಮುಖ ಬೂದಿಯಂತಾಯಿತು.

"ಒಬ್ಳೇ ಬಂದ್ಲಾ?" ಅಂದರು.

ಗುರುದೇವಿ ಅವರನ್ನು ಬಿಟ್ಟು ಹೋಗಲಿಲ್ಲ. ತಮ್ಮ ಜೊತೆ ಬರಬೇಕೆಂದರು. ಸಿದ್ಧಲಿಂಗೇಶ ಕಂಪನಿಯಲ್ಲಿ ಕೆಲಸವಿದೆ ಅಂದರು, ತಲೆನೋವು ಅಂದರು, ಕೊನೆಗೆ ಏನೂ ಹೇಳದೆ ಬಂದು ಆಟೋ ಹತ್ತಿದರು.

ಏರ್‌ಪೋರ್ಟ್ ರಸ್ತೆಯಲ್ಲಿ ಬಿಸಿಲು ಬಿದ್ದಿತ್ತು. ಕಾರ್ಖಾನೆಯ ಉದ್ದನೆಯ ಗೋಡೆ ಶುರುವಾದಾಗ ಸಿದ್ಧಲಿಂಗೇಶ ಆಟೋದವನ ಬೆನ್ನು ತಟ್ಟಿ, ಇಲ್ಲೇ ಎರಡು ನಿಮಿಷ ನಿಲ್ಲಿಸು ಅಂದರು. ಮನೆಯಲ್ಲಿ ಸ್ಟವ್ ಆರಿಸಿದ್ದು ನೆನಪಿಲ್ಲವಂತೆ, ನೋಡಿ ಬಂದುಬಿಡುತ್ತಾರಂತೆ. ಬರುವಾಗ ನೋಡೋಣ, ನಡಿಯಪ್ಪ ಎಂದರು ಗುರುದೇವಿ. ತಮ್ಮ ಬೀದಿಯ ತಿರುವು ಹಿಂದಾದಾಗ ಸಿದ್ಧಲಿಂಗೇಶ ಆ ಕಡೆ ನೋಡಲಿಲ್ಲ.

ದೊಡ್ಡಮುನಿಯಪ್ಪನವರ ಮನೆ ಹೊಸ ತಾರಸಿ ಮನೆ. ಹಿಂದೆ ಉಳಿದ ಎರಡು ಗುಂಟೆಯಲ್ಲಿ ರಾಗಿ ಪೈರು, ಅದರಾಚೆ ಗಾಜಿನ ಕಟ್ಟಡ. ಸುಕನ್ಯಳ ತಾಯಿ ಪಟಾಲಮ್ಮ ಬಾಗಿಲಲ್ಲೇ ಗುರುದೇವಿಯ ಕೈ ಹಿಡಿದುಕೊಂಡರು.

ಒಳಗೆ ಜನ ಸೇರಿರಲಿಲ್ಲ. ಆದರೆ ಸಂಭ್ರಮ ತಡೆಯಲಾರದೆ ದೊಡ್ಡಮುನಿಯಪ್ಪನವರು ಶೋಕೇಸಿನ ಮೇಲಿನ ಟೇಪ್ ರೆಕಾರ್ಡರಿನಲ್ಲಿ ಮಗಳ ಕ್ಯಾಸೆಟ್ಟು ಹಾಕಿದ್ದರು. ಆ ಒರಟು, ತಗ್ಗಿನ ದನಿ ನಡುಮನೆಯ ತುಂಬ ಇತ್ತು. ಗುರುದೇವಿ ಅದನ್ನು ದಾಟಿಕೊಂಡೇ ಒಳಗೆ ನಡೆದರು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಬಿಸಿಲಿಗೆ ಕಪ್ಪಾದ ಮುಖ, ಕಾಲ ಬಳಿ ಒಂದು ರೆಕ್ಸಿನ್ ಚೀಲ.

"ಅಪ್ಪ, ಅದನ್ನ ಆಫ್ ಮಾಡು," ಅಂದಳು.

ಎಳೆಯ, ತೆಳ್ಳನೆಯ, ಮೂಗಿನಿಂದ ಬರುವ ದನಿ. ಅವಳು ಮಾತಾಡುತ್ತಿದ್ದಾಗಲೇ ಟೇಪಿನಲ್ಲಿ ಇನ್ನೊಬ್ಬಳು ಹಾಡುತ್ತಿದ್ದಳು. ಎರಡು ದನಿಯೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಕೇಳಿದವು. ಗುರುದೇವಿ ನಿಂತಲ್ಲೇ ನಿಂತರು.

ದೊಡ್ಡಮುನಿಯಪ್ಪನವರು ಟೇಪು ನಿಲ್ಲಿಸಿದರು. ಗುರುದೇವಿ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಈ ಹಾಡು ನಿನ್ನದಲ್ಲ ಅಲ್ಲವೇ ಎಂದು ಕೇಳಿದರು.

ಮಷೀನಿಗೆ ಹಾಕಿದರೆ ದನಿ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಹಾಗೇ, ಎಂದು ತಂದೆ ಅಡ್ಡ ಬಂದರು. ಸುಕನ್ಯ ಅವರನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲಪ್ಪ. ಬರಲ್ಲ."

ಅವಳು ಹೇಳಿದ್ದು ಇಷ್ಟು. ವಿಮಾನಪುರದ ಮನೆಯಲ್ಲಿ ಅವಳೂ ಎಂಟು ಹಾಡು ಹಾಡಿದ್ದಳು. ಚೆನ್ನಾಗಿ ಬರಲಿಲ್ಲ ಎಂದು ಅವಳಿಗೇ ಗೊತ್ತಿತ್ತು. ಒಂದೊಂದು ಸಾಲನ್ನೂ ಪಕ್ಕದಲ್ಲಿ ಕೂತು ಹೇಳಿಕೊಟ್ಟವರು ಆ ಮನೆಯಾಕೆ, ಪ್ರತಿಭಾ, ಸಿದ್ಧಲಿಂಗೇಶರ ಹೆಂಡತಿ. ಹಾಡಲು ಬರದಿದ್ದಕ್ಕೆ ಅತ್ತಾಗ ಚಹಾ ಮಾಡಿಕೊಟ್ಟು, ಕೂದಲು ಬಾಚಿ ಕಳಿಸಿದವರು. ಕ್ಯಾಸೆಟ್ಟು ಬಂದ ದಿನ ನಡುಮನೆಯಲ್ಲಿ ಹಾಕಿ ಕೇಳಿದಾಗ ಅದರಲ್ಲಿದ್ದದ್ದು ಪ್ರತಿಭಾ ಅವರ ದನಿ. ಅಪ್ಪ ಸಂತೋಷಕ್ಕೆ ಅಳುತ್ತಿದ್ದರು. ಅಲ್ಲ, ನಾನಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಮೈದಾನದ ಕಾರ್ಯಕ್ರಮ ಗೊತ್ತಾದ ಮೇಲೆ ತಡೆಯಲಾಗಲಿಲ್ಲ. ಹೋಗಿ ಪ್ರತಿಭಕ್ಕನನ್ನೇ ಕರೆತಂದು, ಹಾಡಿದವರು ಇವರು ಎಂದು ಜನರ ಮುಂದೆ ನಿಲ್ಲಿಸುತ್ತೇನೆ ಎಂದುಕೊಂಡು ವಿಮಾನಪುರಕ್ಕೆ ಹೋದಳು. ಬಾಗಿಲಿಗೆ ಬೀಗ. ಗೇಟಿನ ಹತ್ತಿರ ಸಿದ್ಧಲಿಂಗೇಶ ಸಿಕ್ಕಿ, ಹೆಂಡತಿ ತವರಿಗೆ, ರೋಣಕ್ಕೆ ಹೋಗಿದ್ದಾಳೆ ಅಂದರು.

"ಅದಕ್ಕೇ ರೋಣದ ಬಸ್ ಹತ್ತಿದೆ ಮೇಡಂ. ಇಲ್ಲಿ ಹೇಳಿದ್ರೆ ಕಳಿಸ್ತಿರ್ಲಿಲ್ಲ. ಅವರು ಸಿಗೋತನಕ ವಾಪಸ್ ಬರ್ಬಾರ್ದು ಅಂತ ಹೋದೆ."

ದೊಡ್ಡಮುನಿಯಪ್ಪನವರು ಗೋಡೆ ಹಿಡಿದು ಮೆಲ್ಲಗೆ ಕೂತರು. ಸಿದ್ಧಲಿಂಗೇಶ ಇನ್ನೂ ಬಾಗಿಲಲ್ಲೇ ಇದ್ದರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಸಿಕ್ಕಿದ್ರಾ?" ಗುರುದೇವಿ ಕೇಳಿದರು.

ಸುಕನ್ಯ ಇಲ್ಲವೆಂದು ತಲೆಯಾಡಿಸಿದಳು. ರೋಣದಲ್ಲಿ ಪ್ರತಿಭಾ ಅವರ ತಾಯಿ ಬಾಗಿಲು ತೆರೆದು, ಮಗಳು ಊರಿಗೆ ಬಾರದೆ ಎರಡು ವರ್ಷವಾಯಿತು ಅಂದಿದ್ದರು. ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಕೇಳಿದಳು, ಹಾವೇರಿಯ ನೆಂಟರಲ್ಲಿ ಕೇಳಿದಳು. ಯಾರೂ ನೋಡಿರಲಿಲ್ಲ. ಯಾರಿಗೂ ಗಾಬರಿಯೂ ಇರಲಿಲ್ಲ. ಅವಳು ಬೆಂಗಳೂರಿನಲ್ಲಿ ಗಂಡನ ಜೊತೆ ಆರಾಮಿದ್ದಾಳಲ್ಲ ಅನ್ನುತ್ತಿದ್ದರು. ಮತ್ತೆ ರೋಣಕ್ಕೆ ಬಂದಾಗ ಆ ತಾಯಿಯೇ ಒಂದು ಕಾಗದ ತೆಗೆದುಕೊಟ್ಟರು.

ಸುಕನ್ಯ ರೆಕ್ಸಿನ್ ಚೀಲದಿಂದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ತೆಗೆದು ಗುರುದೇವಿಯ ಕೈಗಿಟ್ಟಳು.

ಸೆಪ್ಟೆಂಬರ್ ಎಂಟನೆಯ ತಾರೀಖು. ದುಂಡಗಿನ, ಓರೆಯಿಲ್ಲದ ಅಕ್ಷರ. ಸಿದ್ಧಲಿಂಗೇಶ ಅದೇ ಅಕ್ಷರದಲ್ಲಿ ಬರೆದ ಟೇಕ್ ಪಟ್ಟಿಗಳನ್ನು ಗುರುದೇವಿ ಸ್ಟುಡಿಯೋದಲ್ಲಿ ಪುಟಗಟ್ಟಲೆ ನೋಡಿದ್ದರು. ಅತ್ತೆಯವರಿಗೆ ನಮಸ್ಕಾರ, ಪ್ರತಿಭಾ ಕ್ಷೇಮ, ಹಬ್ಬಕ್ಕೆ ಬರಲಾಗುವುದಿಲ್ಲ, ಅವಳಿಗೆ ಬಿಡುವಿಲ್ಲ, ದಿನಾ ಬೆಳಿಗ್ಗೆ ಹಾಡುತ್ತಾಳೆ.

ನಲವತ್ತೊಂದು ದಿನ ತಾವು ಹುಡುಕಿದ್ದು ಕಳೆದುಹೋಗದವಳನ್ನು. ಆ ದನಿಯ ಒಡತಿ ಎಲ್ಲಿ ಎಂದು ಒಬ್ಬರೂ ದೂರು ಕೊಟ್ಟಿರಲಿಲ್ಲ. ಕೊಡಬೇಕಾದವನು ಈಗ ಬಾಗಿಲಲ್ಲಿ ನಿಂತಿದ್ದ.

ಗುರುದೇವಿ ಕಷ್ಟಪಟ್ಟು ಎದ್ದು ಅವರ ಹತ್ತಿರ ಹೋದರು.

"ನಿಮ್ಮ ಹೆಂಡತಿ ಎಲ್ಲಿ, ಸಿದ್ಧಲಿಂಗೇಶ್?"

ಅವರು ಜೇಬಿನಿಂದ ಬೀಗದ ಕೈ ತೆಗೆದು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಗುರುದೇವಿಯ ಕಡೆ ಚಾಚಿದರು.

"ಒಳಕೋಣೆ ಬೀಗದ್ದು ಇದು. ಕಾಗದದಲ್ಲಿ ಸುಳ್ಳು ಬರೆದಿಲ್ಲ ಮೇಡಂ. ಇವತ್ತು ಬೆಳಿಗ್ಗೇನೂ ಹಾಡಿದ್ಲು."